ನಾನೇ ಪಾಸು ಮಾಡಿದ ಹೊಗೆ

ನಾನು ಬೀಡಿ ಸೇದುವುದಿಲ್ಲ, ಸಿಗರೇಟು ಮುಟ್ಟುವುದಿಲ್ಲ. ಬಸ್ಸಿನಲ್ಲಿ ಪಕ್ಕದವರ ಬಾಯಿಂದ ಹೆಂಡದ ವಾಸನೆ ಬಂದರೆ ಸಿಕ್ಕ ಸೀಟನ್ನೇ ಬಿಟ್ಟು ಎದ್ದು ನಿಲ್ಲುತ್ತೇನೆ. ಎಲೆ ಅಡಿಕೆ ಕೂಡ ಮದುವೆ ಮನೆಯಲ್ಲಿ ಮಾತ್ರ, ಅದೂ ಯಾರಾದರೂ ಎರಡು ಸಲ ಬಲವಂತ ಮಾಡಿದರೆ. ಇಷ್ಟೆಲ್ಲ ಹೇಳಿಕೊಂಡ ಮೇಲೆ ನನಗಿರುವ ಒಂದೇ ಒಂದು ಚಟವನ್ನು ಮುಚ್ಚಿಡುವುದು ಸರಿಯಲ್ಲ. ನನಗೆ ಸಹಿ ಹಾಕುವ ಚಟವಿದೆ. ಅಂಚೆಯವನು ಸುಮ್ಮನೆ ಒಂದು ಕವರು ಕೊಟ್ಟು ಹೋದರೂ 'ಇದಕ್ಕೆ ಸಹಿ ಬೇಡವೇ?' ಎಂದು ಹಿಂದಿನಿಂದ ಕೂಗುವ ಮನುಷ್ಯ ನಾನು. ಸಹಿ ಎಂದರೆ ಬರೀ ಹೆಸರಲ್ಲ. ಹೆಸರಿನ ಮುಂದೆ ಒಂದು ಅಲ್ಪವಿರಾಮ, ಅದರ ಮುಂದೆ ಬಿ.ಎಸ್ಸಿ. ಹಸಿರು ಶಾಯಿಯಲ್ಲಿ. ಹಸಿರು ಶಾಯಿ ದೊಡ್ಡ ಸರ್ಕಾರಿ ಅಧಿಕಾರಿಗಳು ಬಳಸುವುದು ಎಂದು ನನಗೆ ಗೊತ್ತಿಲ್ಲವೆಂದಲ್ಲ. ಅಂಗಡಿಯಲ್ಲಿ ಆ ಪೆನ್ನನ್ನು ಕೊಳ್ಳುವಾಗ ಯಾರೂ ಹುದ್ದೆ ಕೇಳಲಿಲ್ಲ, ಅಷ್ಟೆ.

ಈ ಚಟಕ್ಕೆ ಕಾರಣವಿದೆ. ನಮ್ಮಪ್ಪ ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊತ್ತವರು. ಏನಾದರೂ ಕಾಗದಕ್ಕೆ ಗುರುತು ಬೇಕಾದಾಗ ಗುಮಾಸ್ತರು ಅವರ ಎಡಗೈ ಹೆಬ್ಬೆಟ್ಟನ್ನು ಹಿಡಿದು, ಶಾಯಿಗೆ ಒತ್ತಿ, ತಾವೇ ಕಾಗದದ ಮೇಲೆ ಹೊರಳಿಸುತ್ತಿದ್ದರು. ಅದು ಅಪ್ಪನ ಬೆರಳಲ್ಲ, ಮಂಡಿಯ ಯಾವುದೋ ಸಾಮಾನು ಎನ್ನುವ ಹಾಗೆ. ಆಮೇಲೆ ಅಪ್ಪ ಆ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಮತ್ತೆ ಮೂಟೆಗೆ ಹೆಗಲು ಕೊಡುತ್ತಿದ್ದರು. ನಾನು ಫಿಸಿಕ್ಸಿನಲ್ಲಿ ಎರಡು ಸಲ ಬಿದ್ದು ಮೂರನೆಯ ಸಲ ಎದ್ದು ಬಿ.ಎಸ್ಸಿ. ಮುಗಿಸಿದಾಗ ಅಪ್ಪ ಸರ್ಟಿಫಿಕೇಟನ್ನು ತಿರುವಿ ಮುರುವಿ ನೋಡಿ, 'ಇದ್ರಲ್ಲಿ ನಿನ್ ಸಹಿ ಎಲ್ಲದೆ?' ಎಂದು ಕೇಳಿದರು. ಅದರಲ್ಲಿ ನನ್ನ ಸಹಿ ಇರುವುದಿಲ್ಲ, ಕುಲಪತಿಗಳದ್ದು ಇರುತ್ತದೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಅಂದಿನಿಂದ ನಾನು ಹಾಕುತ್ತಲೇ ಇದ್ದೇನೆ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ತಪಾಸಣೆಯ ಕೆಲಸ. ಲೇತ್ ಯಂತ್ರದಿಂದ ಬಂದ ಬುಷ್‌ಗಳ, ಅಂದರೆ ಉಂಗುರದಂಥ ಲೋಹದ ತುಂಡುಗಳ, ತೂತು ಸರಿಯಾದ ಅಳತೆಯಲ್ಲಿದೆಯೇ ಎಂದು ನೋಡುವುದು. ಅದಕ್ಕೊಂದು ಗೇಜ್ ಇರುತ್ತದೆ, ಎರಡು ತುದಿಯ ಉಕ್ಕಿನ ತುಂಡು. ಒಂದು ತುದಿ ತೂತಿನೊಳಗೆ ಸಲೀಸಾಗಿ ಹೋಗಬೇಕು, ಇನ್ನೊಂದು ತುದಿ ಎಷ್ಟು ಒತ್ತಿದರೂ ಹೋಗಬಾರದು. ಹಾಗಿದ್ದರೆ ಮಾಲು ಪಾಸು, ಚೀಟಿಗೆ ನನ್ನ ಸಹಿ. ಇಲ್ಲದಿದ್ದರೆ ಕೆಂಪು ಚೀಟಿ. ನಮ್ಮಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಕೆಂಪು ಚೀಟಿಗೆ ನಾನೊಬ್ಬನೇ ಸಹಿ ಹಾಕಿದರೆ ನಡೆಯುವುದಿಲ್ಲ, ಆ ಮಾಲನ್ನು ಮಾಡಿದ ಕೆಲಸಗಾರನನ್ನೂ ಕರೆದು, ಅವನ ಕಣ್ಣೆದುರೇ ಗೇಜ್ ಹಾಕಿ ತೋರಿಸಿ, ಅವನ ಗುರುತೂ ಹಾಕಿಸಬೇಕು. ಒಬ್ಬನ ಕೆಲಸವನ್ನು ಅವನ ಬೆನ್ನ ಹಿಂದೆ ತಿರಸ್ಕರಿಸಬಾರದು ಎಂದು ನಮ್ಮ ಹಳೆಯ ಸೂಪರ್‌ವೈಸರ್ ಹೇಳುತ್ತಿದ್ದರು. ಕಾರ್ಖಾನೆಯಲ್ಲಿ ಹೀಗೆ ಅಳತೆ ಹಾಕದೆ ಒಂದು ಬುಷ್‌ಗೂ ಸಹಿ ಹಾಕದ ನಾನು, ಮನೆಗೆ ಬಂದ ಮೇಲೆ ಅಳತೆಯಿಲ್ಲದೆ ಒಬ್ಬ ಮನುಷ್ಯನನ್ನೇ ಪಾಸು ಮಾಡಿಬಿಟ್ಟೆ. ಅದರ ಕಥೆ ಇದು.

ಮೊದಲು ಮನೆಯ ವಿಷಯ ಹೇಳಿಬಿಡುತ್ತೇನೆ. ಮದುವೆಯಾದ ಹೊಸದರಲ್ಲಿ ಜಾಲಹಳ್ಳಿ ಕಡೆ, ದಾಸರಹಳ್ಳಿ ಕಡೆ ಬಾಡಿಗೆ ಮನೆಗಾಗಿ ಅಲೆದಾಗ ಎಲ್ಲ ಕಡೆಯೂ ಒಂದೇ ಪ್ರಶ್ನೆ: 'ನೀವು ಯಾವ ಜನ?' ನಾನು ಪ್ರಾಮಾಣಿಕವಾಗಿ ಉತ್ತರ ಹೇಳುತ್ತಿದ್ದೆ. ಹೇಳಿದ ಮರುಕ್ಷಣವೇ ಆ ಮನೆ ಮಾಲೀಕರ ಅಣ್ಣನ ಮಗನಿಗೆ ಬೇಕಾಗಿಬಿಡುತ್ತಿತ್ತು. ಬೆಂಗಳೂರಿನ ಈ ಅಂಚಿನಲ್ಲಿ ಇಷ್ಟೊಂದು ಅಣ್ಣಂದಿರ ಮಕ್ಕಳು ಮನೆಯಿಲ್ಲದೆ ಕಾಯುತ್ತಿದ್ದಾರೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೊನೆಗೆ ಸಿಕ್ಕಿದವರು ಚಿಕ್ಕಮುನಿಯಪ್ಪನವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲಾಗಿ ಎಂಟು ಮನೆ ಕಟ್ಟಿಸಿ, ಮೇಲೆ ಉದ್ದಕ್ಕೆ ಸಿಮೆಂಟು ಶೀಟು ಹೊದಿಸಿ, ಉಳಿದ ಜಾಗದಲ್ಲಿ ನಾಲ್ಕು ಹಸು ಕಟ್ಟಿಕೊಂಡಿದ್ದವರು. ಅವರು ಕೇಳಿದ್ದು ಬೇರೆ ಪ್ರಶ್ನೆ. 'ಓದಿದ್ದೀರಾ ಸಾಮಿ?' ಬಿ.ಎಸ್ಸಿ. ಎಂದೆ. 'ಅಂಗಾದ್ರೆ ಬನ್ನಿ. ಓದಿದೋರೊಬ್ರು ಇರ್ಲಿ ವಠಾರದಾಗೆ' ಎಂದರು. ನನ್ನ ಡಿಗ್ರಿ ನನಗೆ ಕೆಲಸ ಕೊಟ್ಟದ್ದಕ್ಕಿಂತ ಮನೆ ಕೊಟ್ಟದ್ದು ದೊಡ್ಡದು ಎಂದು ಅವತ್ತು ಅನಿಸಿತ್ತು. ಅಂದೇ ಸಂಜೆ ಹೋಗಿ ಒಂದು ರಬ್ಬರ್ ಸ್ಟ್ಯಾಂಪು ಮಾಡಿಸಿದೆ.

ಆ ಎಂಟು ಮನೆಗಳ ನಡುಗೋಡೆಗಳು ಶೀಟಿನವರೆಗೆ ಹೋಗುವುದಿಲ್ಲ, ಒಂದು ಗೇಣು ಕೆಳಗೇ ನಿಂತುಬಿಡುತ್ತವೆ. ಮೂರನೆಯ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆರನೆಯ ಮನೆಯಲ್ಲಿ ಸೀನು. ಒಂದು ಮನೆಯಲ್ಲಿ ರೇಡಿಯೋ ಹಾಕಿದರೆ ಎಂಟು ಮನೆಗೂ ವಾರ್ತೆ. ಮೊದಮೊದಲು ನಾನು ಇದನ್ನು ಒಂದು ರೀತಿಯ ಸಮಾನತೆ ಎಂದು ಮೆಚ್ಚಿಕೊಂಡಿದ್ದೆ. ನನ್ನ ಸ್ಟ್ಯಾಂಪಿಗೂ ಅಲ್ಲಿ ಬಿಡುವಿರಲಿಲ್ಲ. ರೇಷನ್ ಕಾರ್ಡಿನ ಅರ್ಜಿ, ಶಾಲೆಯ ಅರ್ಜಿ, ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂಬ ಅರ್ಜಿ, ಎಲ್ಲದರ ಕೆಳಗೂ ನಾನೇ. ಯಾವ ಕಚೇರಿಯೂ ನನ್ನ ಸಹಿಯನ್ನು ಕೇಳಿರಲಿಲ್ಲ ಎಂಬುದು ಬೇರೆ ಮಾತು.

ನಮ್ಮ ಪಕ್ಕದ ಮನೆ ಖಾಲಿಯಾದಾಗ ಶಿವಪುತ್ರ ಬಂದ. ರಾಯಚೂರಿನ ಕಡೆಯವನು, ಹತ್ತಿರದ ಫೌಂಡ್ರಿಯೊಂದರಲ್ಲಿ ಕಬ್ಬಿಣದ ಎರಕಕ್ಕೆ ಮರಳಿನ ಅಚ್ಚು ಮಾಡುವ ಕೆಲಸ. ವಯಸ್ಸು ಮೂವತ್ತೈದು ದಾಟಿರಬೇಕು. ಹೆಂಡತಿ ಮಕ್ಕಳು ಊರಿನಲ್ಲಿ, ಇಲ್ಲಿ ಒಬ್ಬನೇ. ಒಂಟಿ ಗಂಡಸರಿಗೆ ಮನೆ ಕೊಟ್ಟು ಒಮ್ಮೆ ಪೇಚಿಗೆ ಸಿಕ್ಕಿದ್ದ ಚಿಕ್ಕಮುನಿಯಪ್ಪನವರು, 'ಯಾರಾದ್ರೂ ಓದಿದೋರ ಕಾಗ್ದ ತಗೊಂಬಾ, ನೀನು ಒಳ್ಳೇನು ಅಂತ. ಆಮೇಲೆ ಬೀಗ' ಎಂದು ಕಳಿಸಿದ್ದರು. ಆತ ನೇರ ನನ್ನ ಬಾಗಿಲಿಗೆ ಬಂದು, ಚಪ್ಪಲಿಯನ್ನು ದೂರ ಬಿಟ್ಟು ಕೈಮುಗಿದ. 'ನಮಸ್ಕಾರ್ರೀ ಸರ. ಐದು ಮನಿ ನೋಡೇನ್ರಿ. ಎಲ್ಲಾರೂ ಯಾವ ಜನ ಅಂತ ಕೇಳ್ತಾರ, ಹೇಳಿದಿಂದ ಬಾಗಿಲಾ ಹಾಕ್ಕೊಂತಾರ.' ಅಷ್ಟೇ ಸಾಕಾಯಿತು. ನನ್ನ ಕೈ ತಾನಾಗಿಯೇ ಹಸಿರು ಪೆನ್ನಿಗೆ ಹೋಯಿತು. ಒಂದೇ ಉಸಿರಿಗೆ ಬರೆದೆ: 'ಶ್ರೀ ಶಿವಪುತ್ರ ಇವರನ್ನು ನಾನು ವೈಯಕ್ತಿಕವಾಗಿ ಬಲ್ಲೆ. ಇವರು ಶ್ರಮಜೀವಿಗಳು, ಸರಳ ಸ್ವಭಾವದವರು, ಬೀಡಿ, ಸಿಗರೇಟು, ಮದ್ಯ ಮುಂತಾದ ಯಾವುದೇ ದುಶ್ಚಟಗಳಿಗೆ ಒಳಗಾಗದವರು.' ವೈಯಕ್ತಿಕವಾಗಿ ನಾನು ಬಲ್ಲದ್ದು ಐದು ನಿಮಿಷ. ಆ ದುಶ್ಚಟದ ವಾಕ್ಯ ನನಗೆ ಕಾಲೇಜಿನ ನಡತೆ ಪತ್ರದಿಂದ ಬಾಯಿಪಾಠವಾಗಿತ್ತು, ಕೇಳಲು ಚೆನ್ನಾಗಿದೆ ಎಂದು ಸೇರಿಸಿದ್ದೆ. ಸಹಿ ಹಾಕಿ, ಸ್ಟ್ಯಾಂಪು ಒತ್ತಿ, ಊದಿ ಒಣಗಿಸಿ ಕೊಟ್ಟೆ.

ಶಿವಪುತ್ರನಿಗೆ ಬೆಳಗಿನ ಪಾಳಿ. ಮಧ್ಯಾಹ್ನ ಮನೆಗೆ ಬಂದು ಮಲಗಿದರೆ ಸಂಜೆ ಏಳುತ್ತಿದ್ದ. ಎದ್ದ ಕೂಡಲೇ ಬೀಡಿ. ಒಂದಲ್ಲ, ಒಂದರ ಬೆಂಕಿಯಿಂದ ಇನ್ನೊಂದು. ಆ ಹೊಗೆ ನಡುಗೋಡೆಯ ಮೇಲಿನ ಗೇಣಗಲದ ಸಂದಿಯಿಂದ ನಮ್ಮ ಮನೆಗೆ ಇಳಿದು, ಸೊಳ್ಳೆಪರದೆಯ ಹಾಗೆ ಕೋಣೆಯ ತುಂಬ ತೂಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಬೇರೆಯೇ ಒಂದು ವಾಸನೆ, ಹಸಿ ಸೊಪ್ಪಿಗೆ ಬೆಂಕಿ ಹಚ್ಚಿದಂತೆ. ನನ್ನ ಹೆಂಡತಿ ಸರೋಜ ಮೊದಲ ವಾರ ಅದನ್ನು ಹೊಗಳಿದಳು. 'ಪಕ್ಕದವರು ಏನೋ ಸೊಪ್ಪು ಸುಡ್ತಾರೆ ಕಣ್ರೀ, ಸೊಳ್ಳೆ ಕಮ್ಮಿಯಾಗಿದಾವೆ. ಏನು ಅಂತ ಕೇಳ್ಕೊಂಡು ಬನ್ನಿ, ನಾವೂ ತರೋಣ.' ನಾನು ಮಂಡಿಯಲ್ಲಿ ಬೆಳೆದವನು. ಸಂಜೆ ಹಮಾಲರು ಗೋಡೆಗೆ ಒರಗಿ ಕೂತು ಚಿಲುಮೆಯಿಂದ ಬಿಡುತ್ತಿದ್ದ ಆ ಹೊಗೆಯನ್ನು ಮರೆಯುವುದು ಹೇಗೆ? ಗಾಂಜಾ. ಆದರೆ ಹೆಂಡತಿಗೆ ಹೇಳಲಿಲ್ಲ. ದುಶ್ಚಟದ ವಾಕ್ಯ ನೆನಪಾಗಿತ್ತು.

ನಮ್ಮ ಮಗಳು ಸುಮಾಗೆ ಆಗ ನಾಲ್ಕು ವರ್ಷ. ಅವಳ ಎದೆ ಹುಟ್ಟಿನಿಂದಲೇ ಸೂಕ್ಷ್ಮ. ಶಿವಪುತ್ರ ಬಂದ ಎರಡು ತಿಂಗಳಿಗೆ ಸಂಜೆಯಾದರೆ ಕೆಮ್ಮು, ಕೆಮ್ಮಿನ ಹಿಂದೆ ಉಬ್ಬಸ. ಕಿಟಕಿಯ ಸರಳು ಹಿಡಿದು ಮುಖವನ್ನು ಹೊರಗೆ ಚಾಚಿ ನಿಲ್ಲುತ್ತಿದ್ದಳು. ಡಾಕ್ಟರಮ್ಮ ಎದೆಗೆ ಕೊಳವೆಯಿಟ್ಟು ಕೇಳಿ, 'ಮನೇಲಿ ಯಾರು ಸೇದ್ತಾರೆ?' ಎಂದು ನನ್ನ ಮುಖ ನೋಡಿದರು. ಯಾರೂ ಇಲ್ಲ ಎಂದೆ. ಅವರು ನಂಬಲಿಲ್ಲ. 'ನೋಡಿ, ಔಷಧಿ ನಾನು ಬರೀಬಹುದು. ಹೊಗೆ ನಿಲ್ಲದೆ ಇದ್ರೆ ನಾನು ಬರೆದದ್ದೆಲ್ಲ ದಂಡ. ಹೊಗೆ ಹೋಗಬೇಕು, ಇಲ್ಲಾ ಮಗು ಹೋಗಬೇಕು, ಅಂದ್ರೆ ಬೇರೆ ಮನೆಗೆ.' ಕೊನೆಯ ಮಾತನ್ನು ಅವರು ಸ್ವಲ್ಪ ತಡವಾಗಿ ಸೇರಿಸಿದರು. ಆ ತಡದಲ್ಲಿ ಸರೋಜ ನನ್ನ ತೋಳನ್ನು ಹಿಡಿದುಕೊಂಡಳು.

ಬೇರೆ ಮನೆ ಎಂದರೆ ಮತ್ತೆ ಆ ಅಣ್ಣಂದಿರ ಮಕ್ಕಳು. ಹಾಗಾಗಿ ಇದ್ದಲ್ಲೇ ಏನಾದರೂ ಮಾಡೋಣ ಎಂದು ಹೊರಟೆ. ಮೊದಲು ಸಂದಿಗೆ ಹಳೆಯ ಸೀರೆ ತುರುಕಿದೆವು. ಇಲಿಗಳು ಅದನ್ನು ಎಳೆದುಕೊಂಡು ಹೋಗಿ ಎಲ್ಲೋ ಬಾಣಂತನ ಮಾಡಿಕೊಂಡವು. ಆಮೇಲೆ ಸರೋಜ ಹೊಗೆಗೆ ಹೊಗೆಯೇ ಮದ್ದೆಂದು ಸಾಂಬ್ರಾಣಿ ಹಾಕಿದಳು. ಮೂರೂ ಜನ ಬೀದಿಯಲ್ಲಿ ನಿಂತು ಕೆಮ್ಮಿದೆವು. ಕೊನೆಗೆ ಗಟ್ಟಿ ಮನಸ್ಸು ಮಾಡಿ, ನೇರವಾಗಿ ಹೇಳಿಬಿಡುತ್ತೇನೆ ಎಂದು ಶಿವಪುತ್ರನ ಬಾಗಿಲು ತಟ್ಟಿದೆ. 'ಬರ್ರಿ ಸರ, ಬರ್ರಿ. ನಮ್ಮ ಮನಿಗೆ ನೀವು ಬರೂದಂದ್ರ' ಎಂದು ಚಾಪೆ ಕೊಡವಿ ಹಾಸಿ, ಬೀಡಿಯನ್ನು ಆರಿಸಿ ಕಿವಿಯ ಮೇಲಿಟ್ಟು, ಚಹಾ ಕಾಸಿದ. ಇಷ್ಟು ಮರ್ಯಾದೆ ಕೊಟ್ಟವನಿಗೆ ಕಹಿ ಮಾತು ಹೇಳುವುದನ್ನು ಬಿ.ಎಸ್ಸಿ.ಯಲ್ಲಿ ಕಲಿಸಿರಲಿಲ್ಲ. ಊರಿನಲ್ಲಿ ಮಳೆ ಹೇಗೆ ಎಂದು ಕೇಳಿ, ಅವನ ಹೆಂಡತಿಗೆ ಒಂದು ಕಾಗದ ಬರೆದುಕೊಟ್ಟು ಬಂದೆ. ಹೀಗೆ ನಾಲ್ಕು ಸಲ ಹೋದೆ. ನಾಲ್ಕು ಕಾಗದವಾಯಿತು.

ಐದನೆಯ ಸಲ ಪೊಲೀಸ್ ಠಾಣೆಗೆ ಹೋದೆ. ಯಾವ ಠಾಣೆ ಎಂಬುದು ಬೇಡ. ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ವಯಸ್ಸಾದವರು, ಸಮಾಧಾನದ ಮನುಷ್ಯ. ಕೂರಿಸಿ ಕೇಳಿದರು.

'ಅದು ಗಾಂಜಾ ಅಂತ ನಿಮಗೆ ಹೆಂಗೆ ಗೊತ್ತಾಯ್ತು ಸಾರ್?'

'ವಾಸನೆಯಿಂದ.'

'ಓ. ವಾಸನೆ ಪರಿಚಯ ಇದೆ.'

'ಚಿಕ್ಕಂದಿನಲ್ಲಿ, ಮಂಡಿಯಲ್ಲಿ...'

'ಚಿಕ್ಕಂದಿನಿಂದ' ಎಂದು ಅವರು ತಲೆಯಾಡಿಸಿದರು. 'ಇರ್ಲಿ. ಬರ್ಕೊಡಿ, ಬಂದು ನೋಡ್ತೀವಿ. ಬಂದ್ರೆ ಒಂದು ಮನೆ ನೋಡಿ ಹೋಗಲ್ಲ, ಎಂಟೂ ನೋಡ್ತೀವಿ. ಆತನಿಗೆ ಆ ಮನೆ ಕೊಡಿಸಿದವರು ಯಾರು, ಆತನ ಪರವಾಗಿ ನಿಂತವರು ಯಾರು, ಎಲ್ಲಾ ವಿಚಾರಿಸ್ತೀವಿ.' ಹೀಗೆ ಹೇಳಿ ನನ್ನ ಮುಂದೆ ಒಂದು ಬಿಳಿ ಹಾಳೆಯಿಟ್ಟರು. ಬದುಕಿನಲ್ಲಿ ಮೊದಲ ಸಲ ಒಂದು ಸರ್ಕಾರಿ ಕಚೇರಿ ತಾನಾಗಿಯೇ ನನ್ನ ಸಹಿ ಕೇಳಿತು. ಪೆನ್ನು ಮರೆತು ಬಂದಿದ್ದೇನೆ ಎಂದು ಎದ್ದುಬಿಟ್ಟೆ. ಜೇಬಿನಲ್ಲಿ ಎರಡು ಇದ್ದವು.

ಉಳಿದದ್ದು ಮಾಲೀಕರು. ಚಿಕ್ಕಮುನಿಯಪ್ಪನವರು ಹಸುವಿಗೆ ಹಿಂಡಿ ಕಲಸುತ್ತಿದ್ದರು. ನಾನು ಮಗಳ ಉಬ್ಬಸ, ಡಾಕ್ಟರಮ್ಮನ ಮಾತು, ಬೀಡಿ, ಚಿಲುಮೆ, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಅವರು ಕೈ ತೊಳೆದುಕೊಂಡು ಒಳಗೆ ಹೋಗಿ, ದೇವರ ಪಟದ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕವರು ತಂದರು. ಅದರೊಳಗೆ ನನ್ನ ಕಾಗದ. ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ್ದರು.

'ಸಾಮಿ, ಇದ್ಯಾರ್ ಸಯ್ಯಿ?'

'ನಂದೇ.'

'ನಂಗೆ ಓದಕ್ಕೆ ಬರಕಿಲ್ಲ. ಅಸ್ರು ಮಸಿ, ಗುಂಡಗಿನ ಮುದ್ರೆ, ಇವೆರಡು ಗೊತ್ತಾಯ್ತವೆ. ಮುದ್ರೆ ನಿಮ್ದೇಯಾ?'

'ನಂದೇ.'

'ಈ ಕಾಗ್ದದಾಗೆ ಅವನಿಗೆ ಬೀಡಿ ಚಟ ಇಲ್ಲ ಅಂತ ಬರ್ದದೆ ಅಂತ ನನ್ ಮಗ ಓದಿ ಯೋಳ್ದ. ಈಗ ನೀವೇ ಬಂದು ಅದೆ ಅಂತೀರಿ. ನಾನು ಯಾವ ಬಿಎಸ್ಸೀನ ನಂಬ್ಲಿ? ಕಾಗ್ದ ಬರ್ದೋರ್ನಾ, ಈಗ ನನ್ ಮುಂದೆ ನಿಂತಿರೋರ್ನಾ?'

ಹಸು ನನ್ನನ್ನು ನೋಡುತ್ತಿತ್ತು. ಚಿಕ್ಕಮುನಿಯಪ್ಪನವರು ಕೆಟ್ಟ ಮನುಷ್ಯರಲ್ಲ. ದನಿ ತಗ್ಗಿಸಿ ದಾರಿಯನ್ನೂ ಹೇಳಿದರು. 'ಮಗೀಗೆ ಉಸಾರಿಲ್ಲ ಅಂತೀರಿ. ಒಂದ್ ಕೆಲ್ಸ ಮಾಡಿ. ಮೊದ್ಲು ಬರ್ದಿದ್ದು ಸುಳ್ಳು ಅಂತ ಇನ್ನೊಂದು ಕಾಗ್ದ ಬರ್ದು, ಅಂಗೇ ಅಸ್ರು ಸಯ್ಯಿ ಆಕ್ಕೊಡಿ. ಎಂಟು ಮನೆಯೋರ್ನೂ ಕೂರ್ಸಿ ಓದುಸ್ತೀನಿ, ನಾಳೆ ನನ್ ಮೇಲೆ ಮಾತು ಬರ್ಬಾರ್ದು. ಆವತ್ತೇ ಅವನ್ನ ಆಚೀಕೆ ಕಳುಸ್ತೀನಿ.'

ಒಂದು ಕಾಗದ. ಅಷ್ಟು ಮಾಡಿದರೆ ಹೊಗೆ ಹೋಗುತ್ತದೆ, ಮಗಳು ಉಸಿರಾಡುತ್ತಾಳೆ. ಹೇಳಲು ನಾಚಿಕೆಯಾಗುತ್ತದೆ, ನಾನು ಅದನ್ನು ಒಂದು ವಾರ ಬರೆಯಲಿಲ್ಲ. ಎಂಟು ಮನೆಯವರ ಮುಂದೆ 'ನಾನು ಸುಳ್ಳು ಬರೆದಿದ್ದೆ, ಇಂತಿ, ಬಿ.ಎಸ್ಸಿ.' ಎಂದು ಓದಿಸಿಕೊಳ್ಳುವುದನ್ನು ನೆನೆದು ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಳ್ಳುತ್ತಿದ್ದೆ. ಶಿವಪುತ್ರನಿಗೆ ಅನ್ಯಾಯವಾದೀತೆಂದು ತಡೆದೆ ಎಂದು ಸರೋಜಳಿಗೆ ಹೇಳಿದೆ. ಅವಳು ರಾಗಿ ಬೀಸಿಸಿಕೊಂಡು ಬಂದ ಚೀಲವನ್ನು ಕೆಳಗಿಟ್ಟು, 'ಅವರಿಗೆ ಅನ್ಯಾಯ ಆಗತ್ತೆ ಅಂತಲ್ಲ. ನಿಮ್ಮ ಸ್ಟ್ಯಾಂಪಿಗೆ ಮುಕ್ಕಾಗತ್ತೆ ಅಂತ. ಮಗು ಉಸಿರು ನಿಮ್ಮ ಸಹಿಗಿಂತ ಅಗ್ಗಾನಾ?' ಎಂದಳು. ಅವಳು ಓದಿದ್ದು ಏಳನೆಯ ಕ್ಲಾಸು. ಗೇಜ್ ಮಾತ್ರ ಅವಳದ್ದೇ ಸರಿಯಾಗಿತ್ತು.

ಅಂದು ಸಂಜೆ ನಾನು ಕೆಲಸದಿಂದ ಬಂದಾಗ ಸುಮಾ ಕಿಟಕಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಸರಳಿಗೆ ಹಣೆ ಒತ್ತಿಕೊಂಡಿದ್ದಳು. 'ಅಪ್ಪಾ, ಎದೆ ಒಳಗೆ ಬೆಕ್ಕು ಕೂತ್ಕೊಂಡಿದೆ' ಎಂದಳು. ನಾನು ಕಿವಿಯಿಟ್ಟು ಕೇಳಿದೆ. ಹೌದು, ಕೂತಿತ್ತು. 'ಅದಕ್ಕೆ ಹಾಲು ಹಾಕಿದ್ರೆ ಹೋಗತ್ತಾ?' ಎಂದು ಕೇಳಿದಳು. ನಾನು ಬಟ್ಟೆ ಕೂಡ ಬದಲಿಸದೆ ಕಾಗದ ತೆಗೆದುಕೊಂಡು ಕೂತೆ. ನಾಲ್ಕು ಹಾಳೆ ಹರಿದೆ. ಸರೋಜ ಮಗುವಿನ ಬೆನ್ನು ನೀವುತ್ತಾ, 'ಸುಳ್ಳು ಒಂದೇ ಸಲಕ್ಕೆ ಬಂದಿತ್ತಲ್ಲ. ನಿಜ ಬರೆಯೋದು ಇಷ್ಟು ಕಷ್ಟಾನಾ?' ಎಂದಳು. ಐದನೆಯ ಹಾಳೆಯಲ್ಲಿ ಬರೆದೆ: 'ಶಿವಪುತ್ರ ಎಂಬವರ ಬಗ್ಗೆ ಏನೂ ತಿಳಿಯದೆ ನಾನು ಒಳ್ಳೆಯ ಮಾತು ಬರೆದುಕೊಟ್ಟಿದ್ದೆ. ಅದು ಸುಳ್ಳು. ಅವರು ಮನೆಯೊಳಗೆ ಬೀಡಿ ಮತ್ತು ಗಾಂಜಾ ಸೇದುತ್ತಾರೆ. ಆ ಹೊಗೆಯಿಂದ ನನ್ನ ಮಗಳಿಗೆ ಉಸಿರಾಡಲು ಆಗುತ್ತಿಲ್ಲ.' ಸಹಿ ಹಾಕಿ ಸ್ಟ್ಯಾಂಪು ಒತ್ತಿದೆ. ಅಷ್ಟು ಹೊತ್ತಿಗೆ ಆ ಹಾಳೆ ನನಗೆ ಕೆಂಪು ಚೀಟಿಯ ಹಾಗೆ ಕಾಣತೊಡಗಿತು. ಕೆಂಪು ಚೀಟಿಯೆಂದ ಮೇಲೆ ಮಾಡಿದವನ ಕಣ್ಣೆದುರು ಹಿಡಿಯಬೇಕು. ಕಾಗದ ಮತ್ತು ಸ್ಟ್ಯಾಂಪಿನ ಶಾಯಿ ಡಬ್ಬಿ ಎರಡನ್ನೂ ಹಿಡಿದು ಪಕ್ಕದ ಬಾಗಿಲು ತಟ್ಟಿದೆ.

'ಬರ್ರಿ ಸರ, ಚಾ ಇಡ್ತೀನಿ.'

'ಚಹಾ ಬೇಡ. ಇದು ನಿಮ್ಮನ್ನು ಮನೆ ಬಿಡಿಸುವ ಕಾಗದ. ಮಾಲೀಕರಿಗೆ ಕೊಡುವ ಮೊದಲು ನಿಮಗೆ ಓದಿ ಹೇಳಬೇಕು.'

ಶಿವಪುತ್ರ ಸ್ಟೌವಿನ ಹತ್ತಿರವೇ ಕೂತ. 'ಓದ್ರಿ' ಎಂದ. ಓದಿದೆ. ಅವನು ನೆಲವನ್ನು ನೋಡುತ್ತಾ ಕೇಳಿದ.

'ಮೊದಲ್ನೇ ಕಾಗದ್ದಾಗ ಏನ್ ಬರದಿದ್ರಿ ಸರ? ಅವತ್ತ ನೀವು ನನಗ ಓದಿ ಹೇಳಲಿಲ್ಲ.'

ನನ್ನ ಬರಹ ನನಗೆ ಯಾವಾಗಲೂ ಬಾಯಿಗೆ ಬರುತ್ತದೆ. ಶ್ರಮಜೀವಿಗಳು, ಸರಳ ಸ್ವಭಾವದವರು ಎಂದು ಹೇಳುತ್ತಾ ಹೋದೆ.

'ದುಶ್ಚಟ ಅಂದ್ರ?'

'ಕೆಟ್ಟ ಚಟ.'

'ಒಂದೂ ಇಲ್ಲಂತ ಬರದೀರಿ?'

'ಹೌದು.'

'ನನ್ನ ಒಂದ್ ಮಾತ ಕೇಳಬೇಕಿತ್ತಲ್ರಿ. ನಾ ಖರೆ ಹೇಳ್ತಿದ್ದೆ.' ಮತ್ತೆ ಹೇಳಿದ, 'ಎರಡ್ನೇದು ಖರೆ ಐತ್ರಿ ಸರ. ಮೊದಲ್ನೇದು ಛಲೋ ಐತಿ. ನನ್ನ ಬಗ್ಗಿ ಅಷ್ಟು ಛಲೋ ಮಾತ ಯಾರೂ ಬರದಿಲ್ಲ. ಇನ್ನೊಮ್ಮೆ ಹೇಳ್ರಿ.' ಇನ್ನೊಮ್ಮೆ ಹೇಳಿದೆ. ಈ ಸಲ ದುಶ್ಚಟದ ವಾಕ್ಯ ಬಂದಾಗ ನನ್ನ ದನಿ ತಾನಾಗಿಯೇ ಇಳಿಯಿತು.

'ಕೂಸಿಗೆ ಹಿಂಗ ಆಗೈತಿ ಅಂತ ಯಾಕ ಹೇಳಲಿಲ್ಲ?'

'ಹೇಳೋಣ ಅಂತ ನಾಲ್ಕು ಸಲ ಬಂದೆ.'

'ಬಂದ್ರಿ. ಚಾ ಕುಡದ್ರಿ. ಹೋದ್ರಿ.'

ಶಿವಪುತ್ರ ಸೊಂಟಕ್ಕೆ ಕೈಕೊಟ್ಟು ಎದ್ದ. ಏಳುವುದಕ್ಕೆ ಅವನಿಗೆ ಎಷ್ಟು ಕಷ್ಟ ಎಂಬುದನ್ನು ನಾನು ಅಂದು ಮೊದಲ ಸಲ ಗಮನಿಸಿದೆ. ದಿನವೆಲ್ಲ ಬಗ್ಗಿ ಮರಳು ಕುಟ್ಟಿ, ಕಾದ ಕಬ್ಬಿಣ ಹೊರುವ ಬೆನ್ನು. 'ಗಾಂಜಾ ಚಟ ಅಲ್ರಿ ಸರ, ಔಷಧ. ಸಂಜೀಕ ಅದನ್ನ ಸೇದಲಿಲ್ಲಂದ್ರ ಮುಂಜಾನೆ ಏಳಾಕ ಆಗೂದಿಲ್ಲ' ಎಂದ.

'ನಿಮ್ಮ ಔಷಧ ನನ್ನ ಮಗಳಿಗೆ ರೋಗ' ಎಂದೆ. ಅಷ್ಟು ದಿನಗಳಲ್ಲಿ ನಾನು ಆಡಿದ ನೇರವಾದ ಮಾತು ಅದೊಂದೇ. ಗೋಡೆಯ ಆಚೆಯಿಂದ ಸುಮಾ ಕೆಮ್ಮಿದ್ದು ಕೇಳಿಸಿತು. ಇಬ್ಬರೂ ಮೇಲಿನ ಸಂದಿಯನ್ನು ನೋಡಿದೆವು. ಶಿವಪುತ್ರ ಅದನ್ನು ನೋಡಿದ ರೀತಿ ಬೇರೆ, ಕೆಲಸಗಾರ ನೋಡುವ ಹಾಗೆ.

'ಆ ಸಂದಿ ಮುಚ್ಚೂದು ದೊಡ್ಡ ಮಾತಲ್ರಿ. ಬರೇ ಮುಚ್ಚಿದ್ರ ನಡೆಯೂದಿಲ್ಲ. ಅಚ್ಚಿನಾಗ ಗ್ಯಾಸ್ ಹೋಗಾಕ ದಾರಿ ಇಡಲಿಲ್ಲಂದ್ರ ಎರಕ ಒಡೀತೈತಿ. ನನ್ನ ಕಡೆ ಹೊರಗಿನ ಗ್ವಾಡಿಗೆ ಒಂದ್ ದಾರಿ ಬಿಡಬೇಕು. ಐತವಾರ ಮಾಡ್ತೀನಿ. ಬೀಡಿ ಬಿಡಾಕ ಆಗೂದಿಲ್ರಿ, ಸುಳ್ಳ ಹೇಳೂದಿಲ್ಲ. ಮನಿಯಾಗ ಸೇದೂದಿಲ್ಲ. ಹೊರಗ ಬೀದ್ಯಾಗಿನ ಮೋರಿ ಕಲ್ಲಿನ ಮ್ಯಾಲ ಹೋಗಿ ಸೇದ್ತೀನಿ.' ಆಮೇಲೆ ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ, 'ಅದೇನ್ರಿ ಸರ?' ಎಂದ. ನಮ್ಮ ಕಾರ್ಖಾನೆಯ ಪದ್ಧತಿಯನ್ನು ಹೇಳಿದೆ, ಮಾಡಿದವನ ಗುರುತೂ ಬೇಕು ಎಂದು. ಅವನು ಕೈಚಾಚಿ ಡಬ್ಬಿ ತೆಗೆದುಕೊಂಡ. ನಾನು ಬೆರಳು ಹಿಡಿಯಲು ಮುಂದಾದೆ, ಅವನು ಕೈ ಹಿಂದಕ್ಕೆ ತೆಗೆದುಕೊಂಡ. ತಾನೇ ಒತ್ತಿದ. ಮೊದಲನೆಯದು ಸುಳ್ಳೆಂದು ನಾನು ಬರೆದದ್ದರ ಕೆಳಗೆ, ನನ್ನ ಹಸಿರು ಸಹಿಯ ಪಕ್ಕದಲ್ಲಿ, ಗೆರೆಗೆರೆಯಾಗಿ ಒಂದು ಹೆಬ್ಬೆಟ್ಟು. ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಹೇಳಿದ, 'ನಿಮ್ಮ ಹತ್ರಾನೇ ಇಟ್ಕೋರಿ. ಹೊಗಿ ಬಂದ ದಿನ ಮಾಲಕರಿಗೆ ಕೊಡ್ರಿ. ನನ್ನ ಕೇಳಾಕ ಬರಬ್ಯಾಡ್ರಿ.' ನಾನು ಆ ಕೂದಲನ್ನೇ ನೋಡುತ್ತಿದ್ದೆ. ಆಮೇಲೆ ಕಾಗದ ಮಡಿಸಿ ಜೇಬಿಗಿಟ್ಟೆ.

ಭಾನುವಾರ ಅವನು ಜೇಡಿಮಣ್ಣಿಗೆ ಮರಳು, ಒಂದಿಷ್ಟು ಸಿಮೆಂಟು ಕಲಸಿ, ಫೌಂಡ್ರಿಯ ಪುಟ್ಟ ಕರಣೆಯಿಂದ ಆ ಸಂದಿಯನ್ನು ತುಂಬಿದ. ಶೀಟಿನ ಅಲೆಗೆ ತಕ್ಕ ಹಾಗೆ ಅಲೆ ಅಲೆಯಾಗಿ, ಅಷ್ಟು ನಯವಾಗಿ. ಹಿಂದಿನ ಗೋಡೆಯಲ್ಲಿ ಒಂದು ಇಟ್ಟಿಗೆ ಕಿತ್ತು ಗಾಳಿಗೆ ದಾರಿ ಮಾಡಿದ. ನಾನು ಅವನ ಮನೆಯಲ್ಲಿ ಒಂದು ಹಿಡಿ ಊದುಬತ್ತಿ ಹಚ್ಚಿಟ್ಟು, ನಮ್ಮ ಮನೆಗೆ ಓಡಿ ಬಂದು, ಸ್ಟೂಲು ಹತ್ತಿ ಇಂಚಿಂಚೂ ಮೂಸಿದೆ. ಮೂಲೆಯಲ್ಲಿ ಒಂದು ಕಡೆ ಸಣ್ಣ ಎಳೆ ಬರುತ್ತಿತ್ತು. ಕೂಗಿ ಹೇಳಿದೆ. 'ಈ ಸಲ ಅಳತಿ ತಗೊಂಡ್ರಿ ನೋಡ್ರಿ' ಎಂದು ಆ ಕಡೆಯಿಂದ ಅವನ ದನಿ ಬಂತು. ಸಂದಿ ಮುಚ್ಚಿದ್ದರಿಂದ ಅದು ನಗುವೋ ಚುಚ್ಚುಮಾತೋ ತಿಳಿಯಲಿಲ್ಲ.

ಶಿವಪುತ್ರ ಈಗಲೂ ಸಂಜೆ ಮೋರಿ ಕಲ್ಲಿನ ಮೇಲೆ ಕೂತಿರುತ್ತಾನೆ. ಗಾಂಜಾ ಬಿಟ್ಟನೇ ಎಂದರೆ ನನಗೆ ಗೊತ್ತಿಲ್ಲ, ಬಿಟ್ಟಿದ್ದಾನೆ ಎಂದು ಬರೆದುಕೊಡು ಎಂದರೆ ಕೊಡುವುದಿಲ್ಲ. ಬೆನ್ನು ತೋರಿಸಲು ಕಾರ್ಮಿಕರ ಆಸ್ಪತ್ರೆಗೆ ಎರಡು ಸಲ ಜೊತೆಗೆ ಹೋಗಿದ್ದೇನೆ. ಅಲ್ಲಿನ ಫಾರಂ ತುಂಬಿದ್ದು ನಾನೇ, ಒಂದೊಂದು ಸಾಲನ್ನೂ ಅವನಿಗೆ ಓದಿ ಹೇಳಿ, ಅವನು ಹೂಂ ಎಂದ ಮೇಲೆ. ಸುಮಾಳ ಕೆಮ್ಮು ಪೂರ್ತಿ ಹೋಗಿಲ್ಲ. ಪೀಣ್ಯದ ಗಾಳಿಯ ಸಂದಿ ಮುಚ್ಚುವ ಮೇಸ್ತ್ರಿ ಇನ್ನೂ ಹುಟ್ಟಿಲ್ಲ. ಆದರೆ ಅವಳು ಈಗ ಸಂಜೆ ಕಿಟಕಿಯಲ್ಲಿ ನಿಲ್ಲುವುದು ಬೀದಿ ನೋಡುವುದಕ್ಕೆ. ಬೆಕ್ಕು ಅಪರೂಪಕ್ಕೆ ಬರುತ್ತದೆ, ಬಂದರೂ ಬೇಗ ಎದ್ದು ಹೋಗುತ್ತದೆ. ಆ ಎರಡನೆಯ ಕಾಗದ ಟ್ರಂಕಿನಲ್ಲಿ ನನ್ನ ಡಿಗ್ರಿ ಸರ್ಟಿಫಿಕೇಟಿನ ಕೆಳಗಿದೆ. ಸರ್ಟಿಫಿಕೇಟಿನಲ್ಲಿ ನನ್ನ ಸಹಿ ಇಲ್ಲ. ಇದರಲ್ಲಿದೆ, ಪಕ್ಕದಲ್ಲಿ ಹೆಬ್ಬೆಟ್ಟಿನ ಜೊತೆ. ಅಪ್ಪ ಇದ್ದಿದ್ದರೆ ಅವರಿಗೆ ಇದನ್ನು ತೋರಿಸುತ್ತಿದ್ದೆ.

ಇಷ್ಟಾದರೂ ಚಿಕ್ಕಮುನಿಯಪ್ಪನವರು ಬಿಡಲಿಲ್ಲ. ಹಾಲು ತರಲು ಹೋದಾಗಲೆಲ್ಲ 'ಕಾಗ್ದ ಎಲ್ಲಿ ಸಾಮಿ?' ಎನ್ನುತ್ತಿದ್ದರು. ಇದೆ ಎಂದರೆ ಕಸಿದುಕೊಂಡು ಶಿವಪುತ್ರನನ್ನು ಹೊರಗೆ ಕಳಿಸುತ್ತಾರೆ. ಬೇಡ ಎಂದರೆ ಮೊದಲನೆಯ ಕಾಗದವೇ ನಿಜವಾಯಿತಲ್ಲ ಎನ್ನುತ್ತಾರೆ. ಹಾಗಾಗಿ 'ಬರೀತಾ ಇದ್ದೀನಿ' ಎನ್ನುತ್ತಿದ್ದೆ. ಒಂದು ತಿಂಗಳು ಬರೆದೆ, ಆರು ತಿಂಗಳು ಬರೆದೆ, ವರ್ಷ ಕಳೆಯಿತು. ಈಗ ಅವರು ಕೇಳುವುದನ್ನು ನಿಲ್ಲಿಸಿದ್ದಾರೆ. ವಠಾರದವರು ಅರ್ಜಿಗಳನ್ನು ಜಾಲಹಳ್ಳಿ ಕ್ರಾಸಿನ ಟೈಪಿಂಗ್ ಅಂಗಡಿಗೆ ಒಯ್ಯತೊಡಗಿದ್ದಾರೆ. ಮೊನ್ನೆ ಹೊಸದಾಗಿ ಬಂದ ಬಾಡಿಗೆದಾರರೊಬ್ಬರು ನನ್ನ ಬಾಗಿಲ ಕಡೆ ಕೈತೋರಿಸಿ ಏನೋ ಕೇಳಿದಾಗ, ಚಿಕ್ಕಮುನಿಯಪ್ಪನವರು ನನಗೆ ಕೇಳಿಸುವ ಹಾಗೆಯೇ ಹೇಳಿದರು: 'ಅವರತ್ರ ಓಗ್ಬೇಡಿ ಸಾಮಿ. ಬಿಎಸ್ಸಿ ಅಂತಾರೆ. ನಾಕು ಸಾಲಿನ ಕಾಗ್ದ ಬರ್ಯಕ್ಕೆ ವರ್ಸ ಆದ್ರೂ ಆಗ್ಲಿಲ್ಲ, ಅವರಿಗೆ ಬರ್ಯಕ್ಕೇ ಬರಕಿಲ್ಲ.' ನಾನು ಹಾಲಿನ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದೆ. ಆ ಮಾತನ್ನೇ ಒಂದು ಹಾಳೆಯಲ್ಲಿ ಬರೆದು ಮುಂದೆ ಹಿಡಿದಿದ್ದರೆ, ಅದಕ್ಕೂ ಹಸಿರು ಶಾಯಿಯಲ್ಲಿ ಸಹಿ ಹಾಕಿ ಕೊಟ್ಟುಬಿಡುತ್ತಿದ್ದೆನೇನೋ.